ವೇಗವೂ ವಿವೇಕವೂ

ಭಟ್ಕಳ, ಹೊನ್ನಾವರ, ಕುಮಟೆಗಳನ್ನು ಕೂಡಿಸುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಳೆಯ ಟರ್ಬೋ ಕಾರನ್ನೋಡಿಸುವ ರಸಿಕನಿಗೆ ಇನ್ನಷ್ಟು ವೇಗದ ಹಂಬಲವುಂಟಾಗುವುದು ಸಹಜ. 2013ರಲ್ಲಿ ಭಾರತದ ಪೇಟೆಗೆ ಬಂದ ಪೋಲೋ ಜಿಟಿ ಟಿಎಸ್‌ಐಯನ್ನೇ ನೋಡಬಹುದು: 1.2 ಲೀಟರಿನ ಪುಟ್ಟ ಎಂಜಿನಿಗೆ 105 ಅಶ್ವಶಕ್ತಿ. ಹೊರಬೀಳುವ ಹೊಗೆಯ ರಭಸದಿಂದ ಟರ್ಬೋ ತಿರುಗಿ, ಎಂಜಿನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವುದೇ ಈ ಬಲದ ಗುಟ್ಟು. ಎಂಜಿನನ್ನಾಳುವ ಗಣಕದ ಲೆಕ್ಕವನ್ನು ತಿದ್ದಿ ಆ ಒತ್ತಡವನ್ನು ಏರಿಸಬಹುದು; ಆದರೆ ಅದರೊಡನೆ ಉಷ್ಣವೂ ಏರಿ, ಹಳೆಯ ಕ್ಲಚ್ಚು ಗೇರುಗಳಿಗೆ ಆಯಾಸವಾಗುವುದು. ಮೇಲಾಗಿ, ತಯಾರಕನು ಗೊತ್ತುಮಾಡಿದ ಮೂಲರೂಪಕ್ಕೆ ವಿರುದ್ಧವಾದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಒಪ್ಪದು. ಬಲ್ಲವನು ಮೊದಲು ಸವೆದ ಬ್ರೇಕು, ಟಯರು, ಶಾಕ್‌ಗಳನ್ನು ಹೊಸದಾಗಿಸುವನು. ಆಷಾಢದ ಮಳೆಯಲ್ಲಿ ದನವೋ ಶಾಲೆಯ ಮಗುವೋ ಹಠಾತ್ತನೆ ಅಡ್ಡಬಂದಾಗ, ಕಾರು ನಿಲ್ಲುವುದರಲ್ಲಿಯೇ ಅದರ ಒಡೆಯನ ಗೌರವವಿದೆ.