ಆರನೆಯ ಗೇರು

ಸ್ಪ್ಲೆಂಡರ್ ಓಡಿಸಿ ಪಳಗಿದ ಎಡಗಾಲಿಗೆ ಗೊತ್ತಿರುವುದು ಒಂದೇ ವಿದ್ಯೆ: ನಾಲ್ಕು ಗೇರನ್ನೂ ಮುಂಗಾಲಿನಲ್ಲಿ ಕೆಳಕ್ಕೊತ್ತುವುದು. ಮಗ ಪುಣೆಗೆ ಕೆಲಸಕ್ಕೆ ಹೋಗುವಾಗ ನನ್ನ ಕೊರಳಿಗೆ ಕಟ್ಟಿದ ಸ್ಪೋರ್ಟ್ಸ್ ಬೈಕಿನಲ್ಲಿ ಒಂದು ಗೇರು ಕೆಳಗೆ, ಉಳಿದ ಐದು ಮೇಲಕ್ಕೆ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ವೇಗ ಹೆಚ್ಚಿಸೋಣವೆಂದು ಒತ್ತಿದರೆ ಅದು ಮೂಗುದಾರ ಜಗ್ಗಿದ ಹೋರಿಯ ಹಾಗೆ ಮುಗ್ಗರಿಸುತ್ತದೆ. ಇಂಥ ಪಾಠ ಹೊಸದೇನಲ್ಲ: ಮೈಸೂರಿನ ಹಳೆಯ ಯೆಜ್ಡಿ ಬೈಕಿನಲ್ಲಿ ಕಿಕ್ಕರೂ ಗೇರೂ ಒಂದೇ ಸಲಾಕೆ. ಸ್ಟಾರ್ಟ್ ಮಾಡಿ ಮುಂದಕ್ಕೆ ಮಡಚಿದರೆ ಅದೇ ಗೇರು. 1996ರಲ್ಲಿ ಅದರ ಕಾರ್ಖಾನೆ ಮುಚ್ಚುವವರೆಗೂ ಜನ ಅದನ್ನು ಗೊಣಗದೆ ಕಲಿತರು. ನಾನು ಇದನ್ನು ಗೊಣಗುತ್ತಲೇ ಕಲಿತೆ.

ಮಗನ ಈ ಬೈಕಿನ ಮೇಲೆ ಕೂರುವುದೆಂದರೆ ಅರ್ಧ ಸಾಷ್ಟಾಂಗ. ಹ್ಯಾಂಡಲ್ ತಗ್ಗಿನಲ್ಲಿದೆ, ಫುಟ್‌ರೆಸ್ಟ್ ಹಿಂದಿದೆ. ವೇಗವಿದ್ದಾಗ ಎದುರುಗಾಳಿ ಎದೆಯನ್ನು ಎತ್ತಿಹಿಡಿಯುತ್ತದಂತೆ. ಬಿ.ಇ.ಎಂ.ಎಲ್. ಗೇಟಿನ ಬಳಿಯ ಟ್ರಾಫಿಕ್ಕಿನಲ್ಲಿ ಗಾಳಿಯೆಲ್ಲಿಂದ ಬರಬೇಕು? ಮೈಭಾರವೆಲ್ಲ ಮಣಿಕಟ್ಟಿಗೇ. ಇಂಜಿನ್ನಿನ ಜೀವವೆಲ್ಲ ಮೇಲಿನ ಆರ್‌ಪಿಎಂನಲ್ಲಿರುವುದರಿಂದ, ಸ್ಪ್ಲೆಂಡರ್ ಮೂರನೇ ಗೇರಿನಲ್ಲಿ ತೆವಳುವ ಕಡೆ ಇದಕ್ಕೆ ಒಂದನೇ ಗೇರು ಬೇಕು, ಜೊತೆಗೆ ಅರ್ಧ ಹಿಡಿದ ಕ್ಲಚ್ಚೂ ಬೇಕು. ಸಿಗ್ನಲ್ಲಿನಲ್ಲಿ ನಿಂತರೆ ರೇಡಿಯೇಟರ್ ಫ್ಯಾನು ಚಾಲೂ ಆಗಿ ಬಿಸಿಗಾಳಿಯನ್ನು ಮೊಣಕಾಲಿಗೆ ಊದುತ್ತದೆ. ಪಕ್ಕದ ಹುಡುಗ "ಅಂಕಲ್, ಸಖತ್ ಬೈಕು" ಎನ್ನುತ್ತಾನೆ. ಕಾಲು ಬೇಯುತ್ತಿದ್ದರೂ ಹೆಲ್ಮೆಟ್ಟಿನೊಳಗೇ ನಗುತ್ತೇನೆ. ನಲವತ್ತರ ಅಂಚಿನಲ್ಲಿರುವವರನ್ನೂ ದಾಟಿದವರನ್ನೂ ಕಂಪನಿಗಳು ಹಿಡಿಯುವುದು ಇಲ್ಲೇ ಇರಬೇಕು.

ಈ ತೆವಳಾಟವೆಲ್ಲ ನಡೆಯುವ ರಸ್ತೆಯ ಹೆಸರು ಸುರಂಜನ್ ದಾಸ್ ರಸ್ತೆ. 1961ರ ಜೂನ್ 17ರಂದು ಎಚ್‌.ಎ.ಎಲ್.ನ ಎಚ್‌ಎಫ್-24 ಮಾರುತ್ ಯುದ್ಧವಿಮಾನವನ್ನು ಮೊದಲು ಹಾರಿಸಿದ ಪೈಲಟ್ ಅವರು; 1970ರಲ್ಲಿ ಅದೇ ಬಗೆಯ ವಿಮಾನವನ್ನು ಪರೀಕ್ಷಿಸುವಾಗ ತೀರಿಕೊಂಡರು. ಜರ್ಮನಿಯ ವಿನ್ಯಾಸಕ ಕುರ್ಟ್ ಟ್ಯಾಂಕ್ ಅದಕ್ಕೆ ಶಬ್ದದ ಎರಡು ಪಟ್ಟು ವೇಗಕ್ಕೆ ಒಗ್ಗುವ ಮೈಕಟ್ಟು ಕೊಟ್ಟಿದ್ದರು. ಅದಕ್ಕೆ ತಕ್ಕ ಇಂಜಿನ್ ಮಾತ್ರ ಕೊನೆಗೂ ಒದಗಲಿಲ್ಲ. ನಮ್ಮದು ತಿರುವುಮುರುವು: ಇಂಜಿನ್ನಿಗೆ ಕೊರತೆಯಿಲ್ಲ, ಓಡಲು ಜಾಗವಿಲ್ಲ. ಆ ಹೆಸರಿನ ಫಲಕದ ಕೆಳಗೆ ವಾಟರ್ ಟ್ಯಾಂಕರಿನ ಬೆನ್ನು ನೋಡುತ್ತ ನಿಲ್ಲುವುದಕ್ಕೆ ನನಗೆ ಸ್ವಲ್ಪ ನಾಚಿಕೆಯೇ ಆಗುತ್ತದೆ.

ಮನೆಯವಳ ತಕರಾರು ಬೇರೆ. "ಇದು ಸೀಟೋ ಅಟ್ಟವೋ ರೀ? ಸೀರೆಯುಟ್ಟವಳು ಹೇಗೆ ಹತ್ತಲಿ?" ಒಮ್ಮೆ ಹತ್ತಿದಳು. ಪ್ರತಿ ಬ್ರೇಕಿಗೂ ನನ್ನ ಬೆನ್ನ ಮೇಲೆ ಬಂದು ಬಿದ್ದು, ಹಲಸೂರಿನ ಹೊತ್ತಿಗೆ ಇಳಿದು ಆಟೋ ಹಿಡಿದಳು. ಸೊಪ್ಪಿನ ಚೀಲ ತಗುಲಿಹಾಕಲು ಒಂದು ಕೊಕ್ಕೆಯೂ ಇಲ್ಲ. ಹಾಗಾಗಿ ಗ್ಯಾಸ್ ಸಿಲಿಂಡರು, ಅಕ್ಕಿ ಮೂಟೆ, ಅವಳು, ಎಲ್ಲಕ್ಕೂ ಈಗಲೂ ಸ್ಪ್ಲೆಂಡರೇ.

ಹಾಗಾದರೆ ಮಾರಬಾರದೇ? ಮಾರಬಹುದು. ಆದರೆ ಎರಡು ಉಬ್ಬುಗಳ ನಡುವೆ ಎಂದಾದರೂ ಖಾಲಿ ಜಾಗ ಸಿಕ್ಕಿ, ಎರಡನೇ ಗೇರಿನಲ್ಲಿ ಅದರ ದನಿ ತಟ್ಟನೆ ಬದಲಾಗುತ್ತದಲ್ಲ, ಆಗ ಹೊಟ್ಟೆಯೊಳಗೆ ಏನೋ ಹಾರಿದಂತಾಗುತ್ತದೆ. ಸ್ಪ್ಲೆಂಡರು ಇಷ್ಟು ವರ್ಷ ನನ್ನನ್ನು ಆಫೀಸಿಗೆ ಮುಟ್ಟಿಸಿದೆ, ಹೀಗೆ ಒಮ್ಮೆಯೂ ಮಾಡಿಲ್ಲ.

ಹೋದ ಭಾನುವಾರ ನಸುಕಿನಲ್ಲಿ ಹಳೇ ಮದ್ರಾಸ್ ರಸ್ತೆ ಹಿಡಿದೆ. ಕೆ.ಆರ್. ಪುರದ ಹ್ಯಾಂಗಿಂಗ್ ಬ್ರಿಡ್ಜ್ ದಾಟಿ ಇನ್ನಷ್ಟು ಹೋದ ಮೇಲೆ ಆರನೆಯ ಗೇರು ಬಿತ್ತು. ಎದುರುಗಾಳಿ ಎದೆಗೆ ಆನಿಕೆ ಕೊಟ್ಟಿತು, ಮಣಿಕಟ್ಟು ಹಗುರಾಯಿತು. ಹೊಸಕೋಟೆಯಲ್ಲಿ ದಮ್ ಬಿರಿಯಾನಿಗೆ ಆ ಹೊತ್ತಿಗೇ ಸಾಲು. ಮನೆಗೂ ಒಂದು ಪಾರ್ಸಲ್ ಒಯ್ಯಬೇಕೆಂದಿದ್ದೆ. ಕೊಕ್ಕೆಯಿಲ್ಲವಲ್ಲ, ಅಲ್ಲೇ ನಿಂತು ಎರಡು ಪ್ಲೇಟು ತಿಂದೆ.