ಅರವತ್ತು ರೂಪಾಯಿಯ ಲಾಕರ್, ಅಪ್ಪನ ವಾಚು

ಲಾಕರ್ ಬಾಗಿಲು ತೆಗೆದಾಗ ಒಳಗೆ ಅಮ್ಮನ ಒಣ ಸೀರೆ ಇತ್ತು, ನನ್ನ ಚೂಡಿದಾರ ಇತ್ತು, ಬೆಳಿಗ್ಗೆ ತಗೊಂಡ ಬಾಳೆಹಣ್ಣಿನ ಚಿಪ್ಪೂ ಹಾಗೇ ಇತ್ತು. ಬ್ಯಾಗ್ ಮಾತ್ರ ಇರಲಿಲ್ಲ.

"ಸರಿಯಾಗಿ ನೋಡೇ, ಪಕ್ಕದ್ದಿರಬೇಕು" ಅಂದ್ಲು ಅಮ್ಮ. ಲಾಕರ್ ನಂಬರ್ 14. ನನ್ನ ಕೈಗೆ ಕಟ್ಟಿಕೊಂಡಿದ್ದ ಕೀಲಿಯ ಮೇಲೂ 14. ಬೀಗ ಒಡೆದಿರಲಿಲ್ಲ, ಬಾಗಿಲಿಗೆ ಒಂದು ಗೀರೂ ಬಿದ್ದಿರಲಿಲ್ಲ. ಇಬ್ಬರೂ ತಲೆಯಿಂದ ಕಾಲಿನವರೆಗೆ ತೊಯ್ದು ಆ ಅಂಗಡಿ ಮುಂದೆ ನಿಂತಿದ್ದೆವು.

ರಾಮೇಶ್ವರಕ್ಕೆ ಹೋಗಿದ್ದು ಕಳೆದ ವರ್ಷ ಫೆಬ್ರವರಿಯಲ್ಲಿ. ಅಪ್ಪ ಹೋಗಿ ಎರಡು ವರ್ಷ ಆಗಿತ್ತು. ರಿಟೈರ್ ಆದಮೇಲೆ ರಾಮೇಶ್ವರ ನೋಡಬೇಕು ಅಂತಿದ್ರು, ಆಗಲಿಲ್ಲ. ಹೋದವರಿಗೆ ಗೊತ್ತಿರುತ್ತೆ, ಅಲ್ಲಿ ಮೊದಲು ಅಗ್ನಿತೀರ್ಥದಲ್ಲಿ, ಅಂದರೆ ಸಮುದ್ರದಲ್ಲಿ ಮುಳುಗಬೇಕು. ಆಮೇಲೆ ಒದ್ದೆ ಬಟ್ಟೆಯಲ್ಲೇ ದೇವಸ್ಥಾನದೊಳಗಿನ 22 ತೀರ್ಥಗಳಿಗೆ ಹೋಗಿ, ಒಂದೊಂದರಲ್ಲೂ ಬಕೆಟ್ ನೀರು ಹುಯ್ಯಿಸಿಕೊಳ್ಳಬೇಕು. ದರ್ಶನಕ್ಕೆ ಮತ್ತೆ ಒಣ ಬಟ್ಟೆ. ಇಷ್ಟೆಲ್ಲ ಮಾಡುವಾಗ ಬ್ಯಾಗ್ ಹೊತ್ತು ತಿರುಗೋಕಾಗಲ್ಲ. ಹಾಗಾಗಿ ಸುತ್ತಲ ಬೀದಿಯಲ್ಲಿದ್ದ ಒಂದು ಖಾಸಗಿ ಲಾಕರ್ ಅಂಗಡಿಯಲ್ಲಿ 60 ರೂಪಾಯಿ ಕೊಟ್ಟು ಎಲ್ಲವನ್ನೂ ಇಟ್ಟಿದ್ದೆವು. ಫೋನ್ ಒಂದನ್ನು ಮಾತ್ರ ಪ್ಲಾಸ್ಟಿಕ್ ಕವರಿಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಒಳಗೆ ಹೋಗುವಾಗ ಕೌಂಟರಿನಲ್ಲಿ ಕೊಟ್ಟೆ, ಅದು ಉಳೀತು.

ಬ್ಯಾಗಿನಲ್ಲಿದ್ದದ್ದು: ಆಫೀಸಿನ ಲ್ಯಾಪ್‌ಟಾಪ್ (ಆ ವಾರ ನನ್ನದು ಆನ್‌-ಕಾಲ್, ತೀರ್ಥಯಾತ್ರೆಗೂ ಲ್ಯಾಪ್‌ಟಾಪ್ ಹೊರುವ ಜನ್ಮ ನಮ್ಮದು), 8,500 ರೂಪಾಯಿ ನಗದು, ನನ್ನ ಇಯರ್‌ಫೋನ್, ಅಮ್ಮನ ಕನ್ನಡಕ, ಮತ್ತೆ ಅಪ್ಪನ ವಾಚು.

ಅದು ಎಚ್‌ಎಂಟಿ ಜನತಾ. ಕೀಲಿ ಕೊಡುವ ವಾಚು. ತುಮಕೂರಿನಲ್ಲಿ ಮೇಷ್ಟ್ರಾದಾಗ ಮೊದಲ ಸಂಬಳದಲ್ಲಿ ಅಪ್ಪ ತಗೊಂಡಿದ್ರಂತೆ. ಅಪ್ಪ ಹೋದಮೇಲೂ ಅಮ್ಮ ದಿನಾ ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಅದಕ್ಕೆ ಕೀಲಿ ಕೊಡ್ತಿದ್ಲು. ರಾಮೇಶ್ವರಕ್ಕೂ ತಂದಿದ್ಲು. "ಅವರಂತೂ ನೋಡಲಿಲ್ಲ, ವಾಚಾದರೂ ನೋಡಲಿ" ಅಂತ. ಸೂರ್ಯ ಹುಟ್ಟುವಾಗ ಸಮುದ್ರದ ಕಡೆ ಅದನ್ನು ಹಿಡಿದು ನಿಂತಿದ್ಲು. ನಾನು ನಗ್ತಾ ಒಂದು ಫೋಟೋ ತೆಗೆದೆ. ಆ ಫೋಟೋ ಮುಂದೆ ಕೇಸಿನಲ್ಲಿ ದಾಖಲೆ ಆಗುತ್ತೆ ಅಂತ ಆಗ ಯಾರಿಗೆ ಗೊತ್ತಿತ್ತು?

ಅಂಗಡಿಯವನದ್ದು ಒಂದೇ ಮಾತು: "ನಾನು ಕೊಟ್ಟಿದ್ದು ಜಾಗ. ಒಳಗೆ ನೀವು ಏನಿಟ್ರಿ, ನನಗೇನು ಗೊತ್ತು?" ರಸೀದಿ ತಿರುಗಿಸಿ ತೋರಿಸಿದ. ಸಾಮಾನಿಗೆ ಮಾಲೀಕರೇ ಜವಾಬ್ದಾರರು ಅಂತ ಹಿಂದೆ ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ಡೂಪ್ಲಿಕೇಟ್ ಕೀಲಿ ಯಾರ ಹತ್ತಿರ ಇದೆ ಅಂತ ಕೇಳಿದೆ. ಮೇಜಿನ ಡ್ರಾಯರ್ ಕಡೆ ನೋಡಿದ, ಮಾತಾಡಲಿಲ್ಲ. ಆ ಡ್ರಾಯರಿಗೆ ಬೀಗವೇ ಇರಲಿಲ್ಲ.

ಸ್ಟೇಷನ್‌ಗೆ ಹೋದ್ವಿ. ತಮಿಳುನಾಡಿನಲ್ಲಿ ದೂರು ಕೊಟ್ಟರೆ ಮೊದಲು ಸಿಎಸ್‌ಆರ್ ಅಂತ ಒಂದು ರಸೀದಿ ಕೊಡ್ತಾರೆ, ಅದು ಎಫ್‌ಐಆರ್ ಅಲ್ಲ. ನನಗದು ಗೊತ್ತಿರಲಿಲ್ಲ. ಕೈಗೆ ಸೀಲ್ ಹಾಕಿದ ಕಾಗದ ಬಂತಲ್ಲ ಅಂತ ಸಮಾಧಾನದಿಂದ ಹೊರಡ್ತಿದ್ದೆ. ಆಫೀಸಿನ ಐಟಿಯವರು ಲ್ಯಾಪ್‌ಟಾಪ್ ಲಾಕ್ ಮಾಡಿ, ಇನ್ಶೂರೆನ್ಸಿಗೆ ಎಫ್‌ಐಆರ್ ಪ್ರತಿಯೇ ಬೇಕು ಅಂದದ್ದರಿಂದ ಬಚಾವಾದೆ. ವಾಪಸ್ ಹೋಗಿ ಕೂತು ಅದನ್ನೂ ಮಾಡಿಸಿದೆ. ಅಲ್ಲಿನ ಎಸ್‌ಐ ನನ್ನ ಸಿನಿಮಾ ತಮಿಳನ್ನು ತಾಳ್ಮೆಯಿಂದ ಕೇಳಿ, ಸಾಮಾನಿನ ಪಟ್ಟಿಯಲ್ಲಿ ವಾಚಿನ ಹೆಸರನ್ನೂ ಬರೆದುಕೊಂಡರು.

ಬೆಂಗಳೂರಿಗೆ ಬಂದಮೇಲೆ ಒಂದು ವಾರ ಸಿಟ್ಟಿನಲ್ಲೇ ಕಾನೂನು ಓದಿದೆ. ಒಂದು ವಿಷಯ ಖುಷಿ ಕೊಟ್ಟಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದಮೇಲೆ ನಾವು ವಾಸ ಮಾಡುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು, ರಾಮೇಶ್ವರಕ್ಕೆ ಅಲೆಯಬೇಕಿಲ್ಲ. ವಕೀಲರು ಕಡ್ಡಾಯ ಅಲ್ಲ. ಎರಡು ವರ್ಷದೊಳಗೆ ಕೊಡಬೇಕು. ನಾವು ಸೇವೆಗೆ ಕೊಟ್ಟ ಹಣ 5 ಲಕ್ಷ ದಾಟದಿದ್ದರೆ ಶುಲ್ಕವೂ ಇಲ್ಲ. ಕಳೆದುಕೊಂಡ ಮಾಲಿನ ಬೆಲೆ ಅಲ್ಲ, ಕೊಟ್ಟ ಹಣ! ನಾನು ಕೊಟ್ಟಿದ್ದು 60 ರೂಪಾಯಿ. ಇ-ಜಾಗೃತಿ ಪೋರ್ಟಲಿನಲ್ಲಿ ಆ ಅಂಕಿ ಟೈಪ್ ಮಾಡುವಾಗ ನನಗೇ ನಗು ಬಂತು.

ಆ 60 ರೂಪಾಯಿಯೇ ದೊಡ್ಡ ಸಾಕ್ಷಿ ಆಯ್ತು. ರಸೀದಿಯಲ್ಲಿ ಅಂಗಡಿಯ ಹೆಸರು ಬಿಟ್ಟರೆ ವಿಳಾಸ ಇರಲಿಲ್ಲ, ಮಾಲೀಕನ ಹೆಸರೂ ಇರಲಿಲ್ಲ. ಆದರೆ ನಾನು ಯುಪಿಐನಲ್ಲಿ ಕಳಿಸಿದ್ದೆ. ಯಾರ ಹೆಸರಿಗೆ, ಯಾವ ದಿನ, ಎಷ್ಟು ಗಂಟೆಗೆ, ಎಲ್ಲ ಫೋನಿನಲ್ಲಿತ್ತು. ಚಿಲ್ಲರೆ ಕೊಟ್ಟಿದ್ದರೆ ನನ್ನ ಕಥೆ ಅಲ್ಲಿಗೇ ಮುಗೀತಿತ್ತು.

ಎರಡು ತೀರ್ಪುಗಳನ್ನು ಪದೇ ಪದೇ ಓದಿದೆ. ಮೊದಲನೆಯದು ದೆಹಲಿಯ ಹೋಟೆಲೊಂದರಲ್ಲಿ ಪಾರ್ಕಿಂಗಿಗೆ ಕೊಟ್ಟ ಕಾರು ಕಳುವಾದ ಪ್ರಕರಣ. ಕೂಪನ್ ಮೇಲೆ 'ಮಾಲೀಕರದೇ ಜವಾಬ್ದಾರಿ' ಅಂತ ಅಚ್ಚು ಹಾಕಿದ ಮಾತ್ರಕ್ಕೆ, ತನ್ನ ನಿರ್ಲಕ್ಷ್ಯದಿಂದ ಕಾರು ಹೋದರೆ ಹೋಟೆಲ್ ಜಾರಿಕೊಳ್ಳುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಇನ್ನೊಂದು 2021ರದು, ಬ್ಯಾಂಕ್ ಲಾಕರ್ ಬಗ್ಗೆ. ಕೋಲ್ಕತ್ತಾದ ಗ್ರಾಹಕರೊಬ್ಬರ ಲಾಕರನ್ನು ಬಾಡಿಗೆ ಬಾಕಿ ಅಂತ ಬ್ಯಾಂಕೇ ಒಡೆದಿತ್ತು. ಏಳು ಒಡವೆಯಲ್ಲಿ ಎರಡೇ ವಾಪಸ್ ಬಂತು ಅನ್ನೋದು ಅವರ ದೂರು. ಲಾಕರಿನೊಳಗೆ ಏನಿದೆ ಗೊತ್ತಿಲ್ಲ ಅಂತ ಬ್ಯಾಂಕ್ ಕೈ ತೊಳೆದುಕೊಳ್ಳುವ ಹಾಗಿಲ್ಲ ಅಂದ ಕೋರ್ಟ್ 5 ಲಕ್ಷ ಪರಿಹಾರ ಕೊಡಿಸಿತು. ಆದರೆ ಒಡವೆಗಳ ಪ್ರಶ್ನೆಯನ್ನು ಮಾತ್ರ ಸಿವಿಲ್ ಕೋರ್ಟಿಗೆ ಬಿಟ್ಟಿತು. ಅದನ್ನು ಓದಿದಾಗ ನನ್ನ ಹೊಟ್ಟೆಯಲ್ಲಿ ಚುಳ್ ಅಂತು. ಲಾಕರ್ ಇಟ್ಟವರದ್ದು ತಪ್ಪು ಅಂತ ತೋರಿಸೋದು ಒಂದು ಕೆಲಸ. ಒಳಗೆ ಏನಿತ್ತು ಅಂತ ತೋರಿಸೋದು ಬೇರೆಯೇ ಕೆಲಸ.

ನನ್ನ ಹತ್ತಿರ ಏನಿತ್ತು? ಹಿಂದಿನ ದಿನ ಮಧುರೈ ಎಟಿಎಂನಲ್ಲಿ 10,000 ತೆಗೆದ ಮೆಸೇಜ್, ಇಯರ್‌ಫೋನ್ ಬಿಲ್ಲು, ಕನ್ನಡಕದ ಬಿಲ್ಲು. ವಾಚಿಗೆ ಆ ಫೋಟೋ ಒಂದೇ. (ನೀವು ಎಲ್ಲಾದರೂ ಲಾಕರ್ ಬಾಡಿಗೆ ಹಿಡಿದರೆ, ಬಾಗಿಲು ಹಾಕುವ ಮೊದಲು ಬ್ಯಾಗ್ ತೆರೆದು ಒಂದು ಫೋಟೋ ತೆಗೆದುಕೊಳ್ಳಿ. ಹತ್ತು ಸೆಕೆಂಡಿನ ಕೆಲಸ.)

ಆಗ ಟೀಮಿನ ಗೆಳೆಯನೊಬ್ಬ ಐಡಿಯಾ ಕೊಟ್ಟ. "ಹೆಂಗೂ ಪೂರ್ತಿ ಕೊಡಲ್ಲ, ಒಂದು ಚಿನ್ನದ ಸರ ಸೇರಿಸು. ಬಿಲ್ಲು ನಿಮ್ಮನೇಲಿ ಇದ್ದೇ ಇರುತ್ತೆ." ಇತ್ತು ಕೂಡ. ನಿಜ ಹೇಳ್ತೀನಿ, ನಾನು ಸರದ ಸಾಲನ್ನು ಟೈಪ್ ಮಾಡಿದೆ. ಆ ಅಂಗಡಿಯವನ ಮುಖ ನೆನಪಾದಾಗಲೆಲ್ಲ ಅದು ನ್ಯಾಯವೇ ಅನ್ನಿಸ್ತಿತ್ತು. ರಾತ್ರಿ ಅಮ್ಮನಿಗೆ ದೂರು ಓದಿ ಹೇಳುವಾಗ ಆ ಸಾಲು ಬಂತು. ಅಮ್ಮ ಕತ್ತಿನ ಸರ ಮುಟ್ಟಿ ನೋಡಿಕೊಂಡ್ಲು.

"ಇದು ಇಲ್ಲೇ ಇದೆಯಲ್ಲೇ."

"ಗೊತ್ತು ಅಮ್ಮ. ಸುಮ್ನೆ ಲೆಕ್ಕಕ್ಕೆ."

"ನಾಳೆ ಅವನು ಇದು ಸುಳ್ಳು ಅಂದ್ರೆ? ಆಗ ನಿಮ್ಮಪ್ಪನ ವಾಚೂ ಸುಳ್ಳಾಗುತ್ತೆ. ತೆಗಿ."

ತೆಗೆದೆ. ಪಟ್ಟಿ ಮತ್ತೆ ಚಿಕ್ಕದಾಯ್ತು. ವಾಚಿನ ಎದುರು ಬೆಲೆ ಬರೆಯಬೇಕಿತ್ತು. ಆನ್‌ಲೈನಿನಲ್ಲಿ ಹಳೆಯ ಎಚ್‌ಎಂಟಿ ವಾಚುಗಳು ಮಾರಾಟಕ್ಕಿದ್ದವು, ನಾನು ನೋಡಿದ ದಿನ ಅಂಥದ್ದೊಂದಕ್ಕೆ 1,800 ಇತ್ತು. ಅದನ್ನೇ ಬರೆದೆ. "ಅಷ್ಟೇನಾ?" ಅಂದ್ಲು ಅಮ್ಮ. ಎಷ್ಟು ಬರೆದರೆ ಸರಿ ಅಂತ ನಾನು ಕೇಳಿದ್ದಕ್ಕೆ ಉತ್ತರ ಕೊಡದೆ ಒಳಗೆ ಹೋದ್ಲು. ಮಾನಸಿಕ ಯಾತನೆಗೆ ಅಂತ ಬೇರೆ 50,000 ಕೇಳಿದ್ದೆ.

ಮೊದಲು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ ನೋಟಿಸ್ 'ಸ್ವೀಕರಿಸಲಿಲ್ಲ' ಅಂತ ವಾಪಸ್ ಬಂದಿತ್ತು. ಆಯೋಗದ ನೋಟಿಸ್ ಮಾತ್ರ ತಗೊಂಡ. ಎರಡು ಸಲ ದಿನಾಂಕ ಮುಂದೆ ಹೋಯ್ತು. ಮೂರನೇ ಸಲ ವಿಡಿಯೋದಲ್ಲಿ ಅವನು, ಪಕ್ಕದಲ್ಲಿ ಅನುವಾದಕ್ಕೆ ಕಾಲೇಜು ಓದುವ ಮಗಳು. ಈ ಕಡೆ ಲಾಗಿನ್ ಆಗಿದ್ದು ನಾನು, ಪಕ್ಕದಲ್ಲಿ ಅಮ್ಮ. ಅವನು ಮತ್ತೆ 'ಜಾಗ ಅಷ್ಟೇ ಕೊಟ್ಟಿದ್ದು' ಅಂದ. ಬೀಗ ಒಡೆಯದೆ ಬಾಗಿಲು ತೆಗೆದವರು ಯಾರು, ಇನ್ನೊಂದು ಕೀಲಿ ಎಲ್ಲಿರುತ್ತೆ ಅಂತ ಆಯೋಗದವರು ಕೇಳಿದರು. ಮಗಳು ಅಪ್ಪನ ಕಡೆ ತಿರುಗಿ ಅದನ್ನು ತಮಿಳಿನಲ್ಲಿ ಕೇಳಿದ್ಲು. ಆ ಹುಡುಗಿಯ ಮುಖ ನೋಡಿ ನನ್ನ ಸಿಟ್ಟು ಅರ್ಧ ಇಳಿದುಹೋಯ್ತು. ಅವನೇನೂ ಕಳ್ಳ ಅಲ್ಲದೇ ಇರಬಹುದು. ಬೀಗವಿಲ್ಲದ ಡ್ರಾಯರಿನಲ್ಲಿ ಊರವರ ಕೀಲಿಗಳನ್ನು ಇಟ್ಟ ಮನುಷ್ಯ, ಅಷ್ಟೇ.

ಇಬ್ಬರ ಒಪ್ಪಿಗೆ ಪಡೆದು ಪ್ರಕರಣವನ್ನು ಮಧ್ಯಸ್ಥಿಕೆಗೆ ಕಳಿಸಿದರು. ಅವನು 15,000ದಿಂದ ಶುರು ಮಾಡಿದ. ಕೊನೆಗೆ 30,000ಕ್ಕೆ ನಿಂತಿತು, ಎರಡು ಕಂತಿನಲ್ಲಿ. ಲ್ಯಾಪ್‌ಟಾಪ್ ಇನ್ಶೂರೆನ್ಸ್‌ನದು ಹೇಗೂ ಕಂಪನಿಗೆ ಸೇರಿದ್ದು. ದಿನ ಎಣಿಸಿದರೆ ಹನ್ನೊಂದು ತಿಂಗಳು ಹಿಡಿದಿತ್ತು.

ಒಪ್ಪಂದದ ಕರಡಿನಲ್ಲಿ 'ಎಲ್ಲ ಸಾಮಾನುಗಳ ಬಾಬ್ತು ಒಟ್ಟು 30,000' ಅಂತ ಇತ್ತು. ಅಮ್ಮನಿಗೆ ಓದಿ ಹೇಳಿದೆ. "ವಾಚು ಎಲ್ಲಿದೆ ಇದರಲ್ಲಿ?" ಅಂದ್ಲು. ಎಲ್ಲ ಸೇರಿದೆ ಅಮ್ಮ ಅಂದರೆ ಒಪ್ಪಲಿಲ್ಲ. ನಾಚಿಕೆ ಬಿಟ್ಟು ಮಧ್ಯಸ್ಥಿಕೆ ಮಾಡಿದವರಿಗೆ ಹೇಳಿದೆ. ಅವರು ನಗಲಿಲ್ಲ. 'ದೂರುದಾರರ ದಿವಂಗತ ತಂದೆಯ ಎಚ್‌ಎಂಟಿ ಕೈಗಡಿಯಾರ ಸೇರಿದಂತೆ' ಅಂತ ಸೇರಿಸಿದರು. ಆ ಕಡೆಯ ಹುಡುಗಿ ಅದನ್ನು ಓದಿ ಹೇಳಿದಾಗ ಅವನು ತಲೆ ಆಡಿಸಿ ಸಹಿ ಹಾಕಿದ.

ಆ ದುಡ್ಡಿನಲ್ಲಿ ಅಮ್ಮನಿಗೆ ಹೊಸ ಕನ್ನಡಕ ಬಂತು. ಬೇರೆ ಎಚ್‌ಎಂಟಿ ತರಿಸ್ಲಾ ಅಂದಿದ್ದಕ್ಕೆ ಬೇಡ ಅಂದ್ಲು. ಮಾಲು ಸಿಗದ ಕೇಸು ಆದ್ದರಿಂದ ತಿಂಗಳಿಗೊಮ್ಮೆ ನನ್ನ ಕೈಲಿ ಆ ಸ್ಟೇಷನ್ನಿಗೆ ಫೋನ್ ಮಾಡಿಸ್ತಾಳೆ. "ವಾಚ್ ಕೆಡಚ್ಚುದಾ ಸಾರ್?" ಅಂತ ಕೇಳ್ತೀನಿ. ಈಗ ನಾನು ಹೆಸರು ಹೇಳೋದೇ ಬೇಡ, ಧ್ವನಿ ಕೇಳಿದ ಕೂಡಲೇ ಆ ಕಡೆಯಿಂದ "ಬೆಂಗಳೂರು ಮೇಡಮಾ?" ಅಂತಾರೆ. ಸ್ಪೀಕರಿಗೆ ಹಾಕು ಅಂತ ಅಮ್ಮ ಸನ್ನೆ ಮಾಡ್ತಾಳೆ.