ಡಿಗ್ರಿ ಮುಗಿಯುವ ಮುಂಚೆ

ಇನ್ನೊಂದು ಪರೀಕ್ಷೆ ಬರೆದರೆ ನಾವು ಪದವೀಧರರು. ನಮ್ಮ ಮನೆಗಳಲ್ಲಿ ಈ ಶಬ್ದ ಇದುವರೆಗೆ ಯಾರ ಹೆಸರಿಗೂ ಅಂಟಿದ್ದಿಲ್ಲ. ನಮ್ಮ ತಾತಂದಿರ ಹೆಸರಿಗೆ ಅಂಟಿದ್ದು ಒಂದು ಜಾತಿ, ಇನ್ನೊಂದು ಸಾಲ. ಆದ್ದರಿಂದ ಈ ಮೂರು ವರ್ಷದಲ್ಲಿ ಗಳಿಸಿದ್ದೇನು ಅನ್ನೋ ಲೆಕ್ಕವನ್ನು ಅಂಕಪಟ್ಟಿಗೆ ಬಿಟ್ಟುಕೊಡಲು ನಮಗೆ ಮನಸ್ಸಿಲ್ಲ. ಗಳಿಸಿದ್ದು ಗೆಳೆಯರನ್ನು. ಈ ಗೆಳೆತನ ಹಾಸ್ಟೆಲ್ಲಿನ ಗೇಟು ದಾಟಿ ಬದುಕೀತೆ ಅನ್ನುವುದೇ ಈಗ ನಮ್ಮ ಮುಂದಿರುವ ಪ್ರಶ್ನೆ.

ಹಾಸ್ಟೆಲ್ಲಿನಲ್ಲಿ ನಮಗೆ ಹೆಸರಿಲ್ಲ, ತಾಲ್ಲೂಕಿದೆ. ಒಬ್ಬ ಹುಣಸೂರು, ಒಬ್ಬ ಪಿರಿಯಾಪಟ್ಟಣ, ಒಬ್ಬ ಕೆ.ಆರ್. ನಗರ, ಒಬ್ಬ ಕೋಟೆ. 'ಏ ಕೋಟೆ, ಸೋಪ್ ಕೊಡ್ಲಾ' ಅಂದರೆ ಸಾಕು. ಹೊರಗೆ ಹಾಗಲ್ಲ. ಬಾಡಿಗೆ ರೂಮು ಕೇಳಿಕೊಂಡು ಹೋದರೆ ಊರು ಯಾವುದು ಅನ್ನುವಲ್ಲಿಗೆ ಮಾತು ನಿಲ್ಲುವುದಿಲ್ಲ. ಊರಲ್ಲಿ ಯಾವ ಬೀದಿ? ಅಪ್ಪನ ಹೆಸರೇನು? ಉತ್ತರ ಕೇಳಿದ ಮೇಲೆ ಆ ರೂಮು ನೆನ್ನೆ ತಾನೆ ಬೇರೆಯವರಿಗೆ ಹೋಗಿರುತ್ತದೆ. ತಾಲ್ಲೂಕಿನ ಹೆಸರಲ್ಲಿ ಕರೆದುಕೊಳ್ಳುವ ಸುಖ ನಮಗೆ ಅದಕ್ಕೇ ಗೊತ್ತು.

ನಾಲ್ಕೂ ಬೇರೆ ಬೇರೆ ಮಣ್ಣು. ಹುಣಸೂರು, ಪಿರಿಯಾಪಟ್ಟಣದವರ ಕೈ ನೋಡಿದರೇ ತಿಳಿಯುತ್ತದೆ. ಹೊಗೆಸೊಪ್ಪು ಮುರಿದ ಕೈಗೆ ಅಂಟು ಹತ್ತಿ ಕಪ್ಪಾಗುತ್ತದೆ, ಸೋಪಿಗೆ ಜಗ್ಗುವುದಿಲ್ಲ. ಇಬ್ಬನಿ ಬಿದ್ದ ಹಸಿ ಎಲೆ ಮೈಗೆ ತಾಗಿ ತಾಗಿ ತಲೆಸುತ್ತು, ವಾಂತಿ. ಎಲೆ ಬ್ಯಾರನ್ನಿನಲ್ಲಿ ಬೆಂದು ಹಳದಿಯಾಗಿ ಹರಾಜಿಗೆ ಹೋಗುತ್ತದೆ, ಕೆ.ಜಿ. ಲೆಕ್ಕದಲ್ಲಿ ಬೆಲೆ ಕಟ್ಟಿಸಿಕೊಳ್ಳುತ್ತದೆ. ಮುರಿದವಳಿಗೆ ದಿನಗೂಲಿ. ಕೆ.ಆರ್. ನಗರದವನದು ಕಾವೇರಿಯ ನಾಲೆ ಹರಿಯುವ ಬತ್ತದ ಸೀಮೆ. ನಾಟಿ ಹಾಕುವ ನಡು ಅವನವ್ವನದು, ಗದ್ದೆ ಬೇರೆಯವರದು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1974ರಲ್ಲಿ, ಭೂಸುಧಾರಣೆಯ ತಿದ್ದುಪಡಿ ಬಂತು. ಉಳುವ ಗೇಣಿದಾರನಿಗೆ ಭೂಮಿ ಸಿಕ್ಕಿತು. ಗೇಣಿಗೂ ಗತಿಯಿಲ್ಲದೆ ಕೂಲಿಗೆ ಹೋಗುತ್ತಿದ್ದ ನಮ್ಮ ಕೇರಿಗಳು ಯಾವ ಅರ್ಜಿ ಹಾಕಬೇಕಿತ್ತು?

ಕೋಟೆಯವನು ಜೇನುಕುರುಬ. ಅದೇ 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ ಎದ್ದು ನಿಂತು ಹಳ್ಳಿಗಳು ನೀರಿಗೆ ಹೋದವು. ನಾಗರಹೊಳೆ ಹುಲಿಗೆ ಮೀಸಲಾದಂತೆಲ್ಲ ಹಾಡಿಯ ಜನ ಕಾಡಿನಿಂದ ಹೊರಬಿದ್ದರು. ಅರಣ್ಯ ಹಕ್ಕಿನ ಕಾನೂನು 2006ರಲ್ಲಿ ಆಯಿತು. 'ಕಾನೂನು ಬಂತು ಕನ್ಲಾ, ನಮ್ಮ ತಾತನ ಮನೆ ದಾರಿ ಅದ್ಕೆ ಗೊತ್ತಿಲ್ಲ' ಅನ್ನುತ್ತಾನೆ ಅವನು, ನಗುತ್ತಾನೆ. ನಾವು ನಗುವುದಿಲ್ಲ.

ಹಾಸ್ಟೆಲ್ಲಿನ ಗೆಳೆತನಕ್ಕೆ ನಮಗಿಂತ ದೊಡ್ಡ ವಯಸ್ಸಿದೆ. 1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ಅವರ ಮಂತ್ರಿಗಿರಿ ಹೋಯಿತು. ಅವರ ಪರ ನಿಂತ ದಲಿತ ಹುಡುಗರು ಏಟು ತಿಂದರು. ಆ ಏಟು ತಿಂದವರು ಒಬ್ಬರ ಗಾಯ ಒಬ್ಬರು ತೊಳೆದುಕೊಂಡೇ ಸಂಘಟನೆ ಕಟ್ಟಿದ್ದು. 1975ರಲ್ಲಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಎರಡು ಕೇರಿಯ ಹೆಸರು ಒಂದೇ ಪದದಲ್ಲಿ ಒತ್ತಿಕೊಂಡು ಕೂತವು.

ಆ ಪದ ನಮ್ಮ ರೂಮಿನಲ್ಲಿ ಬಿರುಕು ಬಿಡುವ ಕಾಲವೂ ಬಂತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿಗೆ ದಾರಿ ಬಿಟ್ಟಿತು. ಮರುವರ್ಷದ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ಪರಿಶಿಷ್ಟ ಜಾತಿಯ ಶೇಕಡಾ 17ನ್ನು 6, 6, 5 ಎಂದು ಮೂರು ಪಾಲು ಮಾಡಲು ತೀರ್ಮಾನಿಸಿತು. ಎಡಗೈ, ಬಲಗೈ. ನಮ್ಮ ಹುಣಸೂರು ಹೊಲೆಯ, ನಮ್ಮ ಪಿರಿಯಾಪಟ್ಟಣ ಮಾದಿಗ. ಒಂದೇ ತಟ್ಟೆಯ ಮುದ್ದೆ ಮುರಿದುಕೊಂಡು ತಿಂದವರು ಒಂದು ವಾರ ಬೆನ್ನು ಮಾಡಿ ಮಲಗಿದರು. ಕೊನೆಗೆ ಪಿರಿಯಾಪಟ್ಟಣವೇ ಬಾಯಿ ಬಿಟ್ಟ: 'ಸಾಲಲ್ಲಿ ಕೊನೇಗೆ ನಿಂತೋರು ನಾವು ಕನ್ಲಾ. ಯಾವಾಗ್ಲೂ ನಮ್ಗೆ ತಳ ಕೆರ್ದಿದ್ದೇ ಬಂದದೆ. ಅದು ಸುಳ್ಳಾ?' ಹುಣಸೂರು ತುಂಬ ಹೊತ್ತು ಸುಮ್ಮನಿದ್ದ. 'ಸುಳ್ಳಲ್ಲ' ಅಂದ. 'ಆದ್ರೆ ಪಾತ್ರೆನೇ ಸಣ್ಣದು ಕಣೋ. ಅದನ್ಯಾರು ಕೇಳ್ತಾರೆ?'

ಗೆಳೆಯರೇ, ಆ ಎರಡು ಮಾತೂ ನಿಜ. ಮೂರು ವರ್ಷದ ಪಾಠದಲ್ಲಿ ನಮಗೆ ದಕ್ಕಿದ್ದು ಇದು. ಪಾಲು ಕೇಳಿದ ಮಾತ್ರಕ್ಕೆ ಮುರಿದುಬೀಳುವ ಒಗ್ಗಟ್ಟು, ಒಬ್ಬನ ಮೌನದ ಮೇಲೆ ಕಟ್ಟಿದ ಒಗ್ಗಟ್ಟು. ಅದು ಮುರಿದರೇ ಒಳ್ಳೆಯದು. ಪಾಲು ಕೊಟ್ಟ ಮೇಲೂ ಉಳಿಯುವುದನ್ನು ನಾವು ಕಟ್ಟಬೇಕು. ಆಮೇಲೆ ನಾಲ್ವರೂ ಸೇರಿ ಪಾತ್ರೆಯ ಮಾತು ಕೇಳಬೇಕು.

2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನಮ್ಮ ಅವ್ವಂದಿರು ಹಾಸ್ಟೆಲ್ ನೋಡಲು ಬಂದಿದ್ದರು. ಮರದಡಿ ಕೂತು ಬುತ್ತಿ ಬಿಚ್ಚಿದರು. ಮುದ್ದೆ ಅವರವರದು ಅವರವರೇ ಉಂಡರು. ಉಪ್ಪಿನಕಾಯಿ ಮಾತ್ರ ಕೈಯಿಂದ ಕೈಗೆ ದಾಟಿತು. 'ನಿಮ್ಮನೆ ಉಪ್ಪಿನಕಾಯಿ ಚೆಂದಾಗದೆ ಕನಕ್ಕ' ಅಂದಳು ಒಬ್ಬಳು. ಅಷ್ಟು ದೂರ ಅವರು ನಡೆದಿದ್ದಾರೆ. ಉಳಿದದ್ದು ನಮ್ಮದು.

ಫಲಿತಾಂಶ ಬಂದ ಮೇಲೆ ಮೊದಲ ಊಟ ಪಿರಿಯಾಪಟ್ಟಣದವನ ಕೇರಿಯಲ್ಲಿ, ಅವನವ್ವ ಮಾಡಿದ್ದು, ಎಲ್ಲರ ಅಪ್ಪಂದಿರೂ ಕೂತು ಉಣ್ಣಬೇಕು ಎಂದು ತೀರ್ಮಾನಿಸಿದ್ದೇವೆ. ಕೋಟೆಯವನ ಅಪ್ಪ ಆಗಲೇ ಒಪ್ಪಿದ್ದಾರೆ. ಕೆ.ಆರ್. ನಗರದವರೂ ಹೂಂ ಅಂದಿದ್ದಾರೆ. ಹುಣಸೂರಿನವನ ಅಪ್ಪ 'ನೋಡವ ತಡಿ ಮಗ' ಅಂದವ್ರೆ. ಹೋದ ವಾರ ಕೇಳಿದೆವು, ಈ ವಾರವೂ ಕೇಳಿದೆವು. ಇನ್ನೂ ಕೇಳುತ್ತೇವೆ.